ಗೋರಿಗಲ್ಲಿನ ಹೆಸರು, ಕಬ್ಬಾಳಿನ ಬಂಡೆ

— ಮಾವ, ಕಬ್ಬಾಳದುರ್ಗ ಹತ್ತೋರಿಗೆ ಅಂತ ಒಂದು ಪುಟ್ಟ ಕೈಪಿಡಿ ಮಾಡ್ತಿದ್ದೀವಿ. ಕೋಟೆ ಆಯ್ತು, ಕಬ್ಬಾಳಮ್ಮನ ಗುಡಿ ಆಯ್ತು, ಟಿಪ್ಪು ಕಾಲದ ಸೆರೆಮನೆ ಕತೆ ಆಯ್ತು. ಬಂಡೆ ಒಂದು ಉಳಿದಿದೆ. ಅದರ ಹೆಸರು ಚಾರ್ನೊಕೈಟ್ ಅಂತೆ. ಹಾಗಂದ್ರೇನು ಅಂತ ಒಂದೇ ಒಂದು ಸಾಲು ಹೇಳಿಬಿಡಿ, ಬರ್ಕೊಂಡು ಹೋಗ್ತೀನಿ.

— ಆರ್ತೊಪೈರಾಕ್ಸಿನ್ ಇರೋ ಗ್ರಾನೈಟು. ಬರ್ಕೊಂಡ್ಯಾ? ಇನ್ನು ಹೊರಡು.

— ಇದನ್ನ ಓದಿದೋರು ಬೆಟ್ಟದ ಬುಡದಲ್ಲೇ ಕೂತುಬಿಡ್ತಾರೆ.

— ನೀನು ಕೇಳಿದ್ದು ಒಂದು ಸಾಲು, ನಾನು ಕೊಟ್ಟಿದ್ದು ಒಂದು ಸಾಲು. ತಪ್ಪೂ ಇಲ್ಲ ಅದರಲ್ಲಿ. ಅಂತಾರಾಷ್ಟ್ರೀಯ ವರ್ಗೀಕರಣದ ಪುಸ್ತಕ ತೆಗೆದರೂ ಹೆಚ್ಚು ಕಡಿಮೆ ಇಷ್ಟೇ ಇರುತ್ತೆ. ಆದ್ರೆ ಈ ಒಂದು ಸಾಲಿಗೆ ಬರೋಕೆ ಭೂವಿಜ್ಞಾನಿಗಳು ಮುಕ್ಕಾಲು ಶತಮಾನ ಜಗಳ ಆಡಿದ್ದಾರೆ. ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. ಆ ಕಪಾಟಿನ ಕೆಳಗಿನ ಅರೆಯಲ್ಲಿ ಒಂದು ಕಲ್ಲಿದೆ, ತೆಗಿ.

— ಯಾವುದು, ಈ ಕಂದು ಕಲ್ಲಾ? ಕೆರೆ ಏರಿ ಕಲ್ಲಿನ ಹಾಗಿದೆ.

— ತಿರುಗಿಸಿ ನೋಡು. ಕಂದು ಇರೋದು ಬಿಸಿಲು ಮಳೆಗೆ ಬಿದ್ದ ಮೈ. ಹಿಂದುಗಡೆ ಸುತ್ತಿಗೆಯಿಂದ ಒಡೆದ ಮೈ ಇದೆಯಲ್ಲ, ಅದರ ಬಣ್ಣ ಹೇಳು.

— ಕಪ್ಪು. ಅಲ್ಲ, ಕಪ್ಪು ಹಸಿರು. ಜಿಡ್ಡು ಮೆತ್ತಿದ ಹಾಗಿದೆ.

— ಆ ಜಿಡ್ಡು ಹೊಳಪೇ ಇದರ ಮುಖ್ಯ ಗುರುತು. ಈಗ ಈ ಲೆನ್ಸ್ ಹಿಡ್ಕೋ. ಕಣ್ಣಿಗೆ ಒತ್ತಿ ಹಿಡಿದು ಕಲ್ಲನ್ನ ಹತ್ತಿರ ತಗೋ, ಲೆನ್ಸನ್ನ ಕಲ್ಲಿನ ಹತ್ತಿರ ಒಯ್ಯಬೇಡ. ಏನು ಕಾಣುತ್ತೆ?

— ಕಂದು ಹಸಿರು ಹರಳುಗಳು, ಚಪ್ಪಟೆ ಮೈ, ಅಲ್ಲಾಡಿಸಿದ್ರೆ ಮಿಂಚ್ತವೆ. ಮಧ್ಯೆ ಮಧ್ಯೆ ಗಾಜಿನ ಚೂರಿನ ಥರ ಏನೋ. ಅದು ನೀಲಿ ಮಾವ! ತುಸು ನೀಲಿ.

— ಮಿಂಚೋದು ಫೆಲ್ಡ್‌ಸ್ಪಾರ್. ನೀಲಿ ಗಾಜು ಅಂದೆಯಲ್ಲ, ಅದು ಬೆಣಚು. ಬೆಣಚುಕಲ್ಲು ಅಂದ್ರೆ ನಮಗೆ ಬಿಳಿ ಬಣ್ಣವೇ ಕಣ್ಣಿಗೆ ಬರೋದು, ಇಲ್ಲಿ ನೋಡು ನೀಲಿ ಛಾಯೆ. ಇವೆರಡೂ ಸೇರಿ ಈ ಕಲ್ಲಿನ ಬಹುಪಾಲು. ಸಾಮಾನ್ಯ ಗ್ರಾನೈಟಿನಲ್ಲೂ ಇರೋದು ಇವೇ. ಹಾಗಾಗಿ ರಾಸಾಯನಿಕವಾಗಿ ಇದು ಗ್ರಾನೈಟು, ತಿಳಿ ಬಣ್ಣದ ಕುಟುಂಬಕ್ಕೆ ಸೇರಿದ್ದು. ನೋಡೋಕೆ ಮಾತ್ರ ಕರಿಕಲ್ಲು. ಎಷ್ಟೋ ವಿದ್ಯಾರ್ಥಿಗಳು ಮೊದಲ ಸಲ ಇದನ್ನ ಕೈಗೆ ತಗೊಂಡು ಡಾಲರೈಟ್ ಅನ್ನೋ ಕಪ್ಪು ಕಲ್ಲು ಅಂತ ಬರೆದುಬಿಡ್ತಾರೆ. ಈಗ ಫೆಲ್ಡ್‌ಸ್ಪಾರಿನ ಮಧ್ಯೆ ಸಣ್ಣ ಕರಿಗಂದು ಚುಕ್ಕೆಗಳು ಕಾಣ್ತವಾ?

— ಕಾಣ್ತವೆ. ಕಾಗೆಬಂಗಾರ ಅಲ್ವಾ?

— ಕಾಗೆಬಂಗಾರ ಆಗಿದ್ರೆ ಸೂಜಿ ಹಾಕಿದ್ರೆ ಪದರ ಪದರವಾಗಿ ಏಳಬೇಕಿತ್ತು. ಇದು ಏಳಲ್ಲ. ನಾನು ಹೇಳಿದ ಆರ್ತೊಪೈರಾಕ್ಸಿನ್ ಇದೇ. ಬರಿಗಣ್ಣಿಗೆ ಇದರ ಮೇಲೆ ಆಣೆ ಮಾಡೋಕಾಗಲ್ಲ. ಕಲ್ಲನ್ನ ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿನಷ್ಟು ತೆಳ್ಳಗೆ ಉಜ್ಜಿ, ಗಾಜಿನ ಪಟ್ಟಿಗೆ ಅಂಟಿಸಿ, ಸೂಕ್ಷ್ಮದರ್ಶಕದ ತಿರುಗುಪೀಠದ ಮೇಲೆ ಇಡಬೇಕು. ಪೀಠ ತಿರುಗಿಸ್ತಾ ಹೋದ ಹಾಗೆ ಹರಳು ನಸುಗೆಂಪಿಂದ ನಸು ಹಸಿರಿಗೆ ಹೋಗುತ್ತೆ, ಮತ್ತೆ ನಸುಗೆಂಪಿಗೆ ಬರುತ್ತೆ. ಅದನ್ನ ನೋಡಿದ್ಮೇಲೆ ಅನುಮಾನವೇ ಬೇಡ. ಹಳಬರು ಆ ಖನಿಜಕ್ಕೆ ಹೈಪರ್‌ಸ್ತೀನ್ ಅಂತಿದ್ರು. ನಾನೂ ಹಳಬನೇ, ಮಾತಾಡುವಾಗ ಬಾಯಿಗೆ ಅದೇ ಬರುತ್ತೆ.

— ಈಗ ಹಾಗನ್ನಬಾರದಾ?

— 1988ರಲ್ಲಿ ಖನಿಜಗಳ ಅಂತಾರಾಷ್ಟ್ರೀಯ ಸಂಘದವರು ಪೈರಾಕ್ಸಿನ್‌ಗಳ ಹೆಸರು ಪರಿಷ್ಕರಿಸಿ ಹೈಪರ್‌ಸ್ತೀನನ್ನ ಪಟ್ಟಿಯಿಂದ ತೆಗೆದುಬಿಟ್ರು. ಮೆಗ್ನೀಸಿಯಂ ಜಾಸ್ತಿ ಇದ್ರೆ ಎನ್‌ಸ್ಟಟೈಟ್, ಕಬ್ಬಿಣ ಜಾಸ್ತಿ ಇದ್ರೆ ಫೆರೊಸಿಲೈಟ್. ಒಟ್ಟಿಗೆ ಹೇಳಬೇಕಾದ್ರೆ ಆರ್ತೊಪೈರಾಕ್ಸಿನ್. ತಮಾಷೆ ನೋಡು, ಯಾವ ಖನಿಜವನ್ನ ನಂಬಿ ಚಾರ್ನೊಕೈಟ್ ಅಂತ ಹೆಸರಿಟ್ರೋ ಅದರ ಹೆಸರು ರದ್ದಾಯ್ತು, ಬಂಡೆಯ ಹೆಸರು ಉಳೀತು.

— ಚಾರ್ನೊಕೈಟ್ ಅನ್ನೋ ಹೆಸರು ಬಂದಿದ್ದಾದ್ರೂ ಎಲ್ಲಿಂದ? ಊರ ಹೆಸರಾ?

— ಅಲ್ಲ. ಬಹುಪಾಲು ಬಂಡೆಗಳಿಗೆ ಮೊದಲು ಸಿಕ್ಕ ಊರಿನ ಹೆಸರು ಅಂಟಿಕೊಳ್ಳುತ್ತೆ. ಇದಕ್ಕೆ ಅಂಟಿದ್ದು ಒಬ್ಬ ಸತ್ತವನ ಹೆಸರು. ಕೋಲ್ಕತ್ತಾದಲ್ಲಿ ಸೇಂಟ್ ಜಾನ್ಸ್ ಚರ್ಚ್ ಇದೆ. ಅದರ ಅಂಗಳದಲ್ಲಿ ಚರ್ಚಿಗಿಂತಲೂ ಹಳೆಯ ಒಂದು ಎಂಟುಮೂಲೆಯ ಗೋರಿ. ಈಸ್ಟ್ ಇಂಡಿಯಾ ಕಂಪನಿಯ ಏಜೆಂಟ್ ಜಾಬ್ ಚಾರ್ನಾಕ್‌ನದು. 1690ರ ಆಗಸ್ಟ್ 24ರಂದು ಹೂಗ್ಲಿ ದಡದ ಸುತಾನುತಿಯಲ್ಲಿ ಇಳಿದವನು, 1693ರಲ್ಲಿ ಸತ್ತ. ಗೋರಿ ಕಟ್ಟಿಸಿದವನು ಅಳಿಯ ಚಾರ್ಲ್ಸ್ ಐರ್. ಒಳಗೆ ಲ್ಯಾಟಿನ್‌ನಲ್ಲಿ ಬರಹ ಕೆತ್ತಿದ ಒಂದು ಕಪ್ಪು ಚಪ್ಪಡಿ. ಗಂಗೆಯ ಮೆಕ್ಕಲುಮಣ್ಣಿನ ಬಯಲು ಅದು, ಅಂಥ ಕಲ್ಲು ಅಲ್ಲೆಲ್ಲಿಂದ ಬರಬೇಕು?

— ಹಡಗಲ್ಲಿ ತಂದಿರ್ತಾರೆ.

— ಮದರಾಸಿನಿಂದ. ಇನ್ನೂರು ವರ್ಷ ಆದ್ಮೇಲೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ಥಾಮಸ್ ಹಾಲೆಂಡ್ ಅನ್ನೋ ತರುಣ ಆ ಚಪ್ಪಡಿಯನ್ನ ಪರೀಕ್ಷೆ ಮಾಡಿದ. ಮದರಾಸಿನ ಹತ್ತಿರದ ಸೇಂಟ್ ಥಾಮಸ್ ಮೌಂಟು, ಪಲ್ಲಾವರದ ಗುಡ್ಡಗಳಲ್ಲಿ ಅವನು ನೋಡಿದ್ದ ಕಲ್ಲೇ ಇದು. ಬೆಣಚು, ಫೆಲ್ಡ್‌ಸ್ಪಾರ್, ಹೈಪರ್‌ಸ್ತೀನ್, ಕಬ್ಬಿಣದ ಅದಿರಿನ ಕಣಗಳು. ಇಂಥ ಗ್ರಾನೈಟಿಗೆ ಆಗ ಒಂದು ಹೆಸರು ಇರಲಿಲ್ಲ. 1893ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಚಾರ್ನಾಕ್‌ನ ಗೋರಿಗಲ್ಲಿನ ಬಗ್ಗೆಯೇ ಒಂದು ಲೇಖನ ಬರೆದು, ಆ ಬಂಡೆಗೆ ಚಾರ್ನೊಕೈಟ್ ಅಂತ ಕರೆದ. ಕಲ್ಕತ್ತಾ ಸ್ಥಾಪಕನ ಗೌರವಾರ್ಥ.

— ಸ್ಥಾಪಕ ಅನ್ನೋ ಹಾಗಿಲ್ಲ ಮಾವ. ಅದರ ಮೇಲೆ ಕೋರ್ಟಿನಲ್ಲಿ ಕೇಸು ನಡೆದಿತ್ತಲ್ಲ?

— ನಡೆದಿತ್ತು. 2003ರಲ್ಲಿ ಕಲ್ಕತ್ತಾ ಹೈಕೋರ್ಟು ಚಾರ್ನಾಕ್ ಸ್ಥಾಪಕ ಅಲ್ಲ, ಊರಿಗೆ ಹುಟ್ಟುಹಬ್ಬವೂ ಇಲ್ಲ ಅಂದುಬಿಟ್ಟಿತು. ಅವನು ಬರೋ ಮೊದಲೂ ಅಲ್ಲಿ ಹಳ್ಳಿಗಳಿದ್ವು, ವ್ಯಾಪಾರ ಇತ್ತು. ಸರಿಯಾದ ತೀರ್ಪೇ ಅನ್ನು. ಊರಿನ ಪಠ್ಯಪುಸ್ತಕದಿಂದ ಅವನು ಹೋದ, ಬಂಡೆಯಿಂದ ಹೋಗಲಿಲ್ಲ. ನನಗೆ ಅದರಲ್ಲಿ ಬೇಜಾರೂ ಇಲ್ಲ. ಕಂಪನಿಯ ಏಜೆಂಟರಿಗೆ ಇಷ್ಟು ಗೌರವ ಯಾಕೆ ಅಂತ ಕೆಲವರು ಕೇಳ್ತಾರೆ. ಆದ್ರೆ ಚಾರ್ನೊಕೈಟ್ ಅನ್ನೋವಾಗ ಯಾರ ಮನಸ್ಸಿಗೂ ಆ ಮನುಷ್ಯ ಬರಲ್ಲ, ಕಲ್ಲೇ ಬರೋದು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಅಂತಿದ್ರಲ್ಲ, ಬ್ಯಾರಿ ಕ್ಲೋಸ್ ಅನ್ನೋ ರೆಸಿಡೆಂಟನ ಹೆಸರು. ಪೇಟೆಯ ಹೆಸರು ಹೋಯ್ತು. ಅಲ್ಲಿಯ ಗ್ರಾನೈಟನ್ನ ಮಾತ್ರ ನಾವು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಕರೆಯೋದು.

— ಸರಿ, ಹಾಗಾದ್ರೆ ಹೀಗೆ ಬರೀತೀನಿ: "ಹೈಪರ್‌ಸ್ತೀನ್ ಎಂಬ ಖನಿಜವಿರುವ ಅಗ್ನಿಶಿಲೆ ಚಾರ್ನೊಕೈಟ್."

— ಅಗ್ನಿಶಿಲೆ ಅಂತ ಬರೆದ್ಯಾ? ಹೊಡಿ ಗೀಟು.

— ಯಾಕೆ? ಗ್ರಾನೈಟು ಅಗ್ನಿಶಿಲೆ ತಾನೆ? ಏಳನೇ ಕ್ಲಾಸಲ್ಲೇ ಓದಿದ್ದೀವಿ.

— ಜಗಳದ ಬೇರು ಅಲ್ಲೇ ಇರೋದು. ಹಾಲೆಂಡನೂ ನಿನ್ನ ಹಾಗೇ ಅಗ್ನಿಶಿಲೆ ಅಂದ. ಕರಗಿದ ಶಿಲಾಪಾಕ ನೆಲದಾಳದಲ್ಲಿ ನಿಧಾನಕ್ಕೆ ಆರಿ ಹರಳುಗಟ್ಟಿದ್ದು ಅಂತ. 1900ರಲ್ಲಿ ಅವನದೇ ದೊಡ್ಡ ಗ್ರಂಥ ಬಂತು. ಅದರಲ್ಲಿ ಒಂದು ಬಂಡೆಗಿದ್ದ ಹೆಸರನ್ನ ಇಡೀ ಒಂದು ವಂಶಕ್ಕೆ ಹಚ್ಚಿದ, ಚಾರ್ನೊಕೈಟ್ ಸರಣಿ ಅಂತ. ಸಿಲಿಕಾ ಹೆಚ್ಚಿರೋದರಿಂದ ಹಿಡಿದು ತೀರಾ ಕಡಿಮೆ ಇರೋದರ ತನಕ ನಾಲ್ಕು ವರ್ಗ. ನೀಲಗಿರಿ, ಶೇವರಾಯ್ ಬೆಟ್ಟ, ಎಲ್ಲಾ ಅದರೊಳಗೆ ಬಂತು. ನನ್ನ ಕೇಳಿದ್ರೆ ಗೊಂದಲ ಶುರುವಾಗಿದ್ದು ಇಲ್ಲಿಂದಲೇ. ಒಬ್ಬರು ಚಾರ್ನೊಕೈಟ್ ಅಂದ್ರೆ ಗ್ರಾನೈಟಿನಂಥದ್ದು, ಇನ್ನೊಬ್ಬರು ಅಂದ್ರೆ ಬೆಣಚೇ ಇಲ್ಲದ ಕಪ್ಪು ಬಂಡೆ.

— ಅಗ್ನಿಶಿಲೆ ಅಲ್ಲ ಅಂದೋರು ಯಾರು?

— ಸ್ಥಳಕ್ಕೆ ಹೋಗಿ ನೋಡಿದೋರು ಬಹಳ ಜನ. ಈ ಬಂಡೆಗಳು ಪದರುಗಟ್ಟಿವೆ, ಮಡಿಚಿಕೊಂಡಿವೆ, ಸುತ್ತಲೂ ಇರೋದೆಲ್ಲ ರೂಪಾಂತರ ಶಿಲೆಗಳೇ. ಶಿಲಾಪಾಕ ನುಗ್ಗಿ ಬಂದಿದ್ರೆ ಅಂಚಿನಲ್ಲಿ ಸುಟ್ಟ ಗುರುತು ಇರಬೇಕಿತ್ತಲ್ಲ? ಅದಿಲ್ಲ. ಅಂದ್ಮೇಲೆ ಬೇರೆ ಯಾವುದೋ ಬಂಡೆ ಆಳಕ್ಕಿಳಿದು, ಕಾದು, ಒತ್ತಡ ತಿಂದು, ಕರಗದೆಯೇ ಹೀಗೆ ಬದಲಾಗಿದೆ ಅಂದ್ರು ಅವರು. ಇನ್ನೊಂದು ಗುಂಪು, ಮೊದಲು ಅಗ್ನಿಶಿಲೆಯಾಗಿ ಹುಟ್ಟಿದ್ದು ನಿಜ, ಆಮೇಲೆ ರೂಪಾಂತರ ಆಗಿದೆ ಅಂತ ನಡುವೆ ನಿಂತಿತು. ಹಳೆ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಈ ಪ್ರಶ್ನೆ ದೊಡ್ಡದಾಗಿತ್ತು, ನಮ್ಮ ದಕ್ಷಿಣದ ಬೆಟ್ಟಗಳೆಲ್ಲ ಇದೇ ಕಲ್ಲಲ್ವಾ. ಸಿ. ಎಸ್. ಪಿಚ್ಚಮುತ್ತು ಅಂತ ಬೆಂಗಳೂರಿನ ಭೂವಿಜ್ಞಾನಿ, 1953ರಲ್ಲಿ ಚಾರ್ನೊಕೈಟ್ ಸಮಸ್ಯೆ ಅಂತಲೇ ಹೆಸರಿಟ್ಟು ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದ್ರು. ಮೈಸೂರು ಜಿಯಾಲಜಿಸ್ಟ್ಸ್ ಅಸೋಸಿಯೇಷನ್ ಪ್ರಕಟಿಸಿತು. ಏಳು ವರ್ಷ ಕಳೆದು 1960ರಲ್ಲಿ ಅದೇ ಪಿಚ್ಚಮುತ್ತು ನೇಚರ್ ಪತ್ರಿಕೆಯಲ್ಲಿ ಒಂದು ಚಿಕ್ಕ ಟಿಪ್ಪಣಿ ಹಾಕಿದ್ರು. ಚಾರ್ನೊಕೈಟ್ ತಯಾರಾಗ್ತಿರೋ ಹಂತದಲ್ಲೇ ಸಿಕ್ಕಿದೆ ಅಂತ ಅದರ ತಾತ್ಪರ್ಯ. ಸಿಕ್ಕಿದ್ದು ಎಲ್ಲಿ ಗೊತ್ತಾ? ನಿನ್ನ ಕಬ್ಬಾಳದುರ್ಗದಲ್ಲಿ.

— ಇದನ್ನ ಮೊದಲೇ ಹೇಳಬಾರದಿತ್ತಾ!

— ನೀನು ಕೇಳಿದ್ದು ಒಂದು ಸಾಲು. ಬೆಟ್ಟದ ತಳದಲ್ಲಿ ಕಲ್ಲುಕೋರೆ ಇದೆ. ಅಲ್ಲಿ ಹೊಸದಾಗಿ ಒಡೆದ ಗೋಡೆಯಂಥ ಮೈ ನೋಡಬೇಕು. ಬುಡ ಬಂಡೆ ಬೂದು ಬಣ್ಣದ ನೈಸ್. ನೈಸ್ ರೋಡಲ್ಲ, ಬಂಡೆ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರದ ಕೆಳಗೆ ಇರೋದು ಅದೇ ಜಾತಿ, ಸುಮಾರು 300 ಕೋಟಿ ವರ್ಷದ್ದು. ಬಿಳಿ ಪಟ್ಟೆ ಕರಿ ಪಟ್ಟೆ ಒಂದರ ಪಕ್ಕ ಒಂದು ಓಡ್ತಿರ್ತವೆ. ಕಬ್ಬಾಳಿನಲ್ಲಿ ಆ ಪಟ್ಟೆಗಳ ಮೇಲೆ ಅಲ್ಲಲ್ಲಿ ಕಪ್ಪು ಹಸಿರು ಮಚ್ಚೆಗಳು, ಬಟ್ಟೆ ಮೇಲೆ ಎಣ್ಣೆ ಕಲೆ ಹಬ್ಬಿದ ಹಾಗೆ. ಒಂದು ಗೇಣು, ಒಂದು ಮೊಳ, ಕೆಲವು ಇನ್ನೂ ದೊಡ್ಡವು. ನೀನು ಒಂದು ಕರಿ ಪಟ್ಟೆಯ ಮೇಲೆ ಬೆರಳಿಟ್ಟುಕೊಂಡು ಹೋಗ್ತಾ ಇರು. ಮಚ್ಚೆಯ ಅಂಚು ಬರುತ್ತೆ. ಪಟ್ಟೆ ಅಲ್ಲಿ ತುಂಡಾಗಲ್ಲ, ಮಚ್ಚೆಯೊಳಗೂ ಸ್ವಲ್ಪ ದೂರ ಕಾಣುತ್ತೆ. ಆಮೇಲೆ ಮಸುಕಾಗಿ ಅಳಿಸಿ ಹೋಗುತ್ತೆ. ಹರಳುಗಳು ದಪ್ಪ ಆಗ್ತವೆ, ಬಣ್ಣ ಜಿಡ್ಡು ಹಸಿರಾಗುತ್ತೆ.

— ಅಂದ್ರೆ ಹೊರಗಿಂದ ಏನೂ ನುಗ್ಗಿಲ್ಲ. ಅಲ್ಲೇ ಇದ್ದ ಕಲ್ಲೇ ಬದಲಾಗಿದೆ.

— ನುಗ್ಗಿ ಬಂದಿದ್ರೆ ಪಟ್ಟೆಯನ್ನ ಕತ್ತರಿಸಿ ಹಾಕ್ತಿತ್ತು. ಪಟ್ಟೆ ಮುಂದುವರಿದಿದೆ ಅಂದ್ರೆ ನೈಸ್ ಇದ್ದಲ್ಲೇ ಇದ್ದು ಚಾರ್ನೊಕೈಟ್ ಆಗಿದೆ. ಬೂದು ಭಾಗ, ಹಸಿರು ಭಾಗ ಎರಡನ್ನೂ ಪ್ರಯೋಗಾಲಯಕ್ಕೆ ಒಯ್ದು ವಿಶ್ಲೇಷಿಸಿದ್ರೆ ಮುಖ್ಯ ರಾಸಾಯನಿಕಗಳು ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ಇರೋದು ಖನಿಜದಲ್ಲಿ. ಬೂದು ಭಾಗದಲ್ಲಿ ಕಾಗೆಬಂಗಾರ, ಹಾರ್ನ್‌ಬ್ಲೆಂಡ್ ಇವೆ. ಹಸಿರು ಭಾಗದಲ್ಲಿ ಅವು ಕಮ್ಮಿ, ಅವುಗಳ ಜಾಗದಲ್ಲಿ ಆರ್ತೊಪೈರಾಕ್ಸಿನ್.

— ಅದು ಯಾಕೆ ಹಾಗೆ ಬದಲಾಯ್ತು?

— ನೀರು ಹೋಗಿದ್ದರಿಂದ. ಕಾಗೆಬಂಗಾರದ ಹರಳಿನೊಳಗೆ ನೀರಿನ ಅಂಶ ಕಟ್ಟಿಹಾಕಿಕೊಂಡು ಕೂತಿರುತ್ತೆ, ಹಾರ್ನ್‌ಬ್ಲೆಂಡ್‌ನಲ್ಲೂ ಅಷ್ಟೇ. ಆರ್ತೊಪೈರಾಕ್ಸಿನ್‌ನಲ್ಲಿ ಅದಿಲ್ಲ, ಒಣ ಖನಿಜ. ನೆಲದಡಿ ಹತ್ತಿರ ಹತ್ತಿರ 20 ಕಿಲೋಮೀಟರ್ ಆಳ, 700 ಡಿಗ್ರಿ ದಾಟಿದ ಬಿಸಿ. ಕಾಗೆಬಂಗಾರವೂ ಬೆಣಚೂ ಅಕ್ಕಪಕ್ಕ ಇವೆ. ಸುತ್ತಲಿನ ನೀರಿನ ಪ್ರಭಾವ ಕಮ್ಮಿ ಆಯ್ತು ಅಂದ್ರೆ ಎರಡೂ ಸೇರಿ ಆರ್ತೊಪೈರಾಕ್ಸಿನ್, ಪೊಟಾಸಿಯಂ ಫೆಲ್ಡ್‌ಸ್ಪಾರ್ ಆಗ್ತವೆ, ನೀರು ಬಿಡುಗಡೆ ಆಗುತ್ತೆ. ಇದು ನಡೆದಿದ್ದು ಸುಮಾರು 250 ಕೋಟಿ ವರ್ಷದ ಹಿಂದೆ.

— ಮಾವ, ಒಂದು ನಿಮಿಷ. ಬಿಸಿ ಇಡೀ ಬಂಡೆಗೂ ಒಂದೇ ಅಲ್ವಾ? ಹಾಗಿದ್ರೆ ಮಚ್ಚೆ ಮಚ್ಚೆಯಾಗಿ ಯಾಕಾಯ್ತು? ಪೂರ್ತಿ ಬದಲಾಗಬೇಕಿತ್ತು.

— ನೀನು ಇತಿಹಾಸ ಓದಿ ಕೆಟ್ಟೆ, ಜಿಯಾಲಜಿ ತಗೋಬೇಕಿತ್ತು. ಇದೇ ಪ್ರಶ್ನೆ ಕಬ್ಬಾಳನ್ನ ಜಗತ್ತಿಗೆ ಪರಿಚಯ ಮಾಡಿಸಿದ್ದು. ಬಿಸಿ ಒಂದೇ, ಒತ್ತಡ ಒಂದೇ. ಹಾಗಾದ್ರೆ ಬೇರೆ ಏನೋ ಸಂದು ಹಿಡಿದು ಹರಿದು ಬಂದಿರಬೇಕು, ಬಂದ ಕಡೆ ನೀರನ್ನ ತಳ್ಳಿರಬೇಕು. ಮಚ್ಚೆಗಳು ಬಂಡೆ ಜಾರಿದ ಗೆರೆಗಳನ್ನ, ಪಟ್ಟೆಗಳ ದಿಕ್ಕನ್ನ ಹಿಡಿದು ಹೋಗಿರೋದೂ ಅದಕ್ಕೆ ಒಪ್ಪುತ್ತೆ. ಏನದು ಬಂದಿದ್ದು? ನಾರ್ವೆಯ ದಕ್ಷಿಣದ ಇಂಥದ್ದೇ ಆಳದ ಶಿಲೆಗಳಲ್ಲಿ ಝಾಕ್ ಟೂರೆ ಅನ್ನೋ ವಿಜ್ಞಾನಿ 1970ರ ದಶಕದ ಶುರುವಿನಲ್ಲಿ ಹರಳುಗಳೊಳಗೆ ಸಿಕ್ಕಿಕೊಂಡ ಅತಿ ಸೂಕ್ಷ್ಮ ಗುಳ್ಳೆಗಳನ್ನ ನೋಡಿದ್ದ. ಅವುಗಳಲ್ಲಿ ತುಂಬಿದ್ದು ನೀರಲ್ಲ, ಒತ್ತಿ ಹಿಡಿದ ಇಂಗಾಲದ ಡೈಆಕ್ಸೈಡ್. ನಮ್ಮ ಕಡೆ ಬಂಡೆಗಳಲ್ಲೂ ಅಂಥ ಗುಳ್ಳೆ ಸಿಕ್ಕವು. ಮೈಸೂರು ವಿಶ್ವವಿದ್ಯಾಲಯದ ಎ. ಎಸ್. ಜನಾರ್ದನ್, ಶಿಕಾಗೊದ ರಾಬರ್ಟ್ ನ್ಯೂಟನ್, ಎಡ್ವರ್ಡ್ ಹ್ಯಾನ್ಸನ್ ಇವರೆಲ್ಲ ಸೇರಿ 1980ರ ದಶಕದಲ್ಲಿ ದಕ್ಷಿಣ ಕರ್ನಾಟಕದಿಂದ ಉತ್ತರ ತಮಿಳುನಾಡಿನ ತನಕ ಈ ಬದಲಾವಣೆಯನ್ನ ಹಂತ ಹಂತವಾಗಿ ಗುರುತಿಸಿದ್ರು. ಆಳದಿಂದ ಎದ್ದ ಇಂಗಾಲದ ಡೈಆಕ್ಸೈಡ್ ನೀರನ್ನ ಓಡಿಸಿತು ಅನ್ನೋ ವಾದ ಜೋರಾಯ್ತು.

— ಅಂತೂ ಜಗಳ ಮುಗೀತು.

— ಎಲ್ಲಿ? ಆ ಗುಳ್ಳೆಗಳು ಅದೇ ಕಾಲದ್ದು ಅಂತ ಹೇಗೆ ಹೇಳ್ತೀರಿ, ಬಂಡೆ ಮೇಲೇಳುವಾಗ ತುಂಬಿಕೊಂಡಿರಬಹುದಲ್ಲ ಅಂದ್ರು ಕೆಲವರು. ಇಂಗಾಲದ ಡೈಆಕ್ಸೈಡಿಗಿಂತ ಗಟ್ಟಿ ಉಪ್ಪುನೀರೇ ಈ ಕೆಲಸ ಮಾಡಿರೋ ಸಾಧ್ಯತೆ ಹೆಚ್ಚು ಅಂತ ನ್ಯೂಟನ್ನೇ 1990ರ ದಶಕದ ಕೊನೆಗೆ ಸಹೋದ್ಯೋಗಿಗಳ ಜೊತೆ ಬರೆದ್ರು. ನೀರಲ್ಲಿ ಉಪ್ಪು ಜಾಸ್ತಿ ಇದ್ರೆ ನೀರಿನ ಜೋರು ಕಮ್ಮಿ, ಅದೂ ಒಂದು ಥರ ಒಣಗಿಸೋದೇ. ಇನ್ನು ಕೆಲವರು, ಬಂಡೆ ಸ್ವಲ್ಪ ಕರಗಿತು, ನೀರು ಆ ದ್ರವದೊಳಗೆ ಸೇರಿಕೊಂಡು ಹೊರಟುಹೋಯ್ತು ಅಂತಾರೆ. ಮೂರಕ್ಕೂ ಸಾಕ್ಷಿ ಇದೆ. ತಮ್ಮತಮ್ಮ ಬೆಟ್ಟದಲ್ಲಿ ಯಾವುದು ನಡೀತು ಅಂತ ಅವರವರು ತೋರಿಸಬೇಕು.

— ಹಾಗಾದ್ರೆ "ರೂಪಾಂತರ ಶಿಲೆ" ಅಂತ ಬರೀತೀನಿ. ಕಬ್ಬಾಳೇ ಸಾಕ್ಷಿ ಹೇಳ್ತಿದೆಯಲ್ಲ.

— ಅದಕ್ಕೂ ಗೀಟು ಹೊಡಿ.

— ಮಾವ!

— ಕೋಪ ಮಾಡ್ಕೋಬೇಡ್ವೇ. ಕಬ್ಬಾಳಿನ ಮಚ್ಚೆ ರೂಪಾಂತರದಿಂದ ಬಂತು, ಕೇರಳದ ಪೊನ್ಮುಡಿಯಲ್ಲೂ ಹಾಗೇ, ಶ್ರೀಲಂಕಾದಲ್ಲೂ ಇಂಥವು ಇವೆ. ಅಷ್ಟಕ್ಕೇ ಜಗತ್ತಿನ ಚಾರ್ನೊಕೈಟೆಲ್ಲ ಹಾಗೇ ಅನ್ನೋಕಾಗಲ್ಲ. ಸ್ವೀಡನ್ನಿನ ವಾರ್‌ಬೆರಿ, ನಾರ್ವೆ, ಅಂಟಾರ್ಕ್ಟಿಕಾ ಇಲ್ಲೆಲ್ಲ ನಿಜವಾದ ಶಿಲಾಪಾಕದಿಂದ ಹರಳುಗಟ್ಟಿದ ಚಾರ್ನೊಕೈಟಿದೆ. ಶಿಲಾಪಾಕ ತೀರಾ ಬಿಸಿಯಾಗಿ, ಒಣದಾಗಿ ಇದ್ರೆ ಕಾಗೆಬಂಗಾರ ಕಟ್ಟೋಕೆ ಬೇಕಾದ ನೀರೇ ಇರಲ್ಲ. ನೇರವಾಗಿ ಆರ್ತೊಪೈರಾಕ್ಸಿನ್ನೇ ಕಟ್ಟುತ್ತೆ. ಹಾಗಾಗಿ ಎರಡು ದಾರಿಯಿಂದ ಬಂದು ಒಂದೇ ರೂಪ ತಾಳಿದ ಬಂಡೆ ಇದು. ಸಂತೋಷ್ ಮತ್ತು ರಾಜೇಶ್ ಅಂತ ಇಬ್ಬರು ಕೇರಳದವರು 2012ರಲ್ಲಿ ಬರೆದ ಲೇಖನದ ಹೆಸರೇ "ಚಾರ್ನೊಕೈಟುಗಳು ಮತ್ತು ಚಾರ್ನೊಕೈಟುಗಳು" ಅನ್ನೋ ಅರ್ಥದ್ದು. ಆ ಶೀರ್ಷಿಕೆ ನನಗೆ ಬಹಳ ಇಷ್ಟ.

— ಹಾಗಿದ್ರೆ ಇಬ್ಬರಿಗೂ ಬೇರೆ ಬೇರೆ ಹೆಸರಿಟ್ಟು ತಂಟೆ ಮುಗಿಸಬಾರದಾ?

— ಆ ಪ್ರಯತ್ನವೂ ಆಯ್ತು. ಅಮೆರಿಕದ ಫ್ರಾಸ್ಟ್ ದಂಪತಿ 2008ರಲ್ಲಿ, ಅಗ್ನಿಶಿಲೆ ಅಂತ ಖಚಿತ ಇರೋದನ್ನ ಮಾತ್ರ ಚಾರ್ನೊಕೈಟ್ ಅನ್ನಿ ಅಂದ್ರು. ಅವರ ವಾದದಲ್ಲಿ ತೂಕ ಇದೆ. ಆದ್ರೆ ನನಗೆ ಒಪ್ಪಿಗೆ ಇಲ್ಲ. ಹೊಲದಲ್ಲಿ ನಿಂತು ಸುತ್ತಿಗೆ ಹಿಡಿದವನಿಗೆ ಮೊದಲು ಕಾಣೋದು ಖನಿಜ. ಹುಟ್ಟು ಹೇಗಾಯ್ತು ಅನ್ನೋದು ಆಮೇಲಿನ ಊಹೆ. ಹೆಸರಿನೊಳಗೇ ಊಹೆ ಬೆರೆಸಿಬಿಟ್ರೆ, ಊಹೆ ಬದಲಾದಾಗಲೆಲ್ಲ ನಕ್ಷೆಗಳನ್ನ ಹೊಸದಾಗಿ ಬರೀಬೇಕಾಗುತ್ತೆ. ಚಾರ್ನೊಕೈಟ್ ಅನ್ನೋದು ಕಲ್ಲು ಈಗ ಏನಾಗಿದೆ ಅನ್ನೋದಕ್ಕೆ ಹೆಸರಾಗಿರಲಿ. ಹೇಗೆ ಬಂತು ಅಂತ ಗೊತ್ತಿದ್ರೆ ಮುಂದೆ ಒಂದು ವಿಶೇಷಣ ಸೇರಿಸು. ಶಿಲಾಪಾಕದ ಚಾರ್ನೊಕೈಟ್ ಅನ್ನು. ಕಬ್ಬಾಳಿನಂಥದ್ದಕ್ಕೆ ಇಂಗ್ಲಿಷಿನಲ್ಲಿ ಈಗಷ್ಟೇ ಶುರುವಾದದ್ದು ಅನ್ನೋ ಅರ್ಥದ ಪದ ಇದೆ.

— ಮೊಳಕೆ ಚಾರ್ನೊಕೈಟ್?

— ಚೆನ್ನಾಗಿದೆ! ಪಠ್ಯಪುಸ್ತಕದೋರು ಆರಂಭಿಕ ಅಂತ ಬರೀತಾರೆ, ಅದರಲ್ಲಿ ಜೀವ ಇಲ್ಲ. ನಿನ್ನ ಕೈಪಿಡಿಯಲ್ಲಿ ಮೊಳಕೆ ಅಂತಲೇ ಇರಲಿ.

— ಇನ್ನೊಂದು ಸಂಶಯ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಪೂರ್ತಿ ಚಾರ್ನೊಕೈಟ್ ಅಂತ ಓದಿದೆ. ಇಲ್ಲಿ ಮಚ್ಚೆ, ಅಲ್ಲಿ ಪೂರ್ತಿ. ಯಾಕೆ?

— ಬೆಂಗಳೂರಿಂದ ದಕ್ಷಿಣಕ್ಕೆ ಹೊರಟೆ ಅಂದ್ರೆ ನೆಲದ ಮೇಲೆ ನಡೀತಾನೇ ಭೂಮಿಯ ಒಳಕ್ಕೆ ಇಳಿದ ಹಾಗೆ. ಕರ್ನಾಟಕದ ಹಳೆಯ ಹೊರಪದರ ಒಂದು ಕಡೆ ಎತ್ತಿಕೊಂಡು, ಮೇಲಿನದೆಲ್ಲ ಕೋಟ್ಯಂತರ ವರ್ಷ ಸವೆದು ಹೋಗಿದೆ. ಉತ್ತರದಲ್ಲಿ ಕಾಣೋದು ಕಡಿಮೆ ಆಳದ ಬಂಡೆ, ದಕ್ಷಿಣದಲ್ಲಿ ಹೆಚ್ಚು ಆಳದ್ದು. ಕಬ್ಬಾಳು ಆ ಎರಡರ ಗಡಿ. ಅಲ್ಲಿ ಚಾರ್ನೊಕೈಟ್ ಶುರುವಾಗುತ್ತೆ. ಇನ್ನೂ ದಕ್ಷಿಣಕ್ಕೆ ಹೋದ್ರೆ ಮಚ್ಚೆ ಮಚ್ಚೆ ಕೂಡಿಕೊಂಡು ಬೆಟ್ಟವೇ ಅದಾಗುತ್ತೆ. 1936ರಲ್ಲಿ ಲೂಯಿಸ್ ಫರ್ಮರ್ ಅನ್ನೋ ಭೂವಿಜ್ಞಾನಿ ಭಾರತದ ನಕ್ಷೆಯ ಮೇಲೆ ಒಂದು ಗೆರೆ ಎಳೆದು, ಚಾರ್ನೊಕೈಟ್ ಇರೋ ಕಡೆ, ಇಲ್ಲದ ಕಡೆ ಅಂತ ದಕ್ಷಿಣ ಭಾರತವನ್ನೇ ಎರಡು ಮಾಡಿದ್ದ. ಫರ್ಮರ್ ಗೆರೆ ಅಂತ ಈಗಲೂ ಹೇಳ್ತಾರೆ. ನೆಲದ ಮೇಲೆ ಅದು ಗೆರೆಯಲ್ಲ, ಅಗಲವಾದ ಪಟ್ಟಿ. ಅದಕ್ಕೇ ನಿನ್ನ ಕೈಪಿಡಿಯಲ್ಲಿ ಕಬ್ಬಾಳದುರ್ಗ ಚಾರ್ನೊಕೈಟಿನ ಬೆಟ್ಟ ಅಂತ ಬರೆದ್ರೆ ತಪ್ಪು. ಅದು ನೈಸ್ ಬೆಟ್ಟ, ಚಾರ್ನೊಕೈಟ್ ಅಲ್ಲಲ್ಲಿ.

— ಬಿಳಿಗಿರಿರಂಗನ ಬೆಟ್ಟಕ್ಕಾದ್ರೂ ಧೈರ್ಯವಾಗಿ ಚಾರ್ನೊಕೈಟ್ ಅನ್ನಬಹುದಾ?

— ಪ್ರವಾಸಿಗರಿಗೆ ಬರೆಯೋದಾದ್ರೆ ಅನ್ನು. ಪರೀಕ್ಷೆಗೆ ಬರೆಯೋದಾದ್ರೆ ನಿಂತು ಯೋಚನೆ ಮಾಡು. ಅಲ್ಲಿನ ಎಷ್ಟೋ ಬಂಡೆಯಲ್ಲಿ ಪೊಟಾಸಿಯಂ ಫೆಲ್ಡ್‌ಸ್ಪಾರ್ ಕಮ್ಮಿ, ಸೋಡಿಯಂ ಕ್ಯಾಲ್ಸಿಯಂ ಇರೋ ಪ್ಲೇಜಿಯೊಕ್ಲೇಸ್ ಜಾಸ್ತಿ. ಕಟ್ಟುನಿಟ್ಟಾಗಿ ಹೇಳಿದ್ರೆ ಅದು ಎಂಡರ್ಬೈಟ್.

— ಇದ್ಯಾರ ಗೋರಿ?

— ಇದು ಗೋರಿಯಲ್ಲ, ಅಂಟಾರ್ಕ್ಟಿಕಾದ ಎಂಡರ್ಬಿ ಲ್ಯಾಂಡ್. ಮಾಸನ್ನನ ಅನ್ವೇಷಣಾ ತಂಡ ಅಲ್ಲಿಂದ ತಂದ ಕಲ್ಲಿಗೆ 1936ರಲ್ಲಿ ಟಿಲಿ ಅನ್ನೋ ಭೂವಿಜ್ಞಾನಿ ಇಟ್ಟ ಹೆಸರು. ಎಂಡರ್ಬಿ ಲ್ಯಾಂಡ್ ಒಂದು ಕಾಲದಲ್ಲಿ, ಗೊಂಡ್ವಾನ ಖಂಡ ಒಡೆಯೋ ಮೊದಲು, ನಮ್ಮ ಪೂರ್ವ ಕರಾವಳಿಗೆ ಅಂಟಿಕೊಂಡಿತ್ತು. ಹಾಗಾಗಿ ಅಲ್ಲಿ ಇಂಥದ್ದೇ ಕಲ್ಲು ಸಿಕ್ಕಿದ್ದಕ್ಕೆ ಆಶ್ಚರ್ಯ ಪಡಬೇಕಾಗಿಲ್ಲ. ಇದೇ ಬಳಗದಲ್ಲಿ ಮ್ಯಾಂಗರೈಟ್, ಓಪ್ಡಲೈಟ್, ಜೋಟುನೈಟ್ ಅಂತೆಲ್ಲ ಇವೆ, ಎಲ್ಲಾ ನಾರ್ವೆಯ ಊರು ಬೆಟ್ಟಗಳ ಹೆಸರು. 1974ರಲ್ಲಿ ಸ್ಟ್ರೆಕೈಸನ್ ಅನ್ನೋ ಭೂವಿಜ್ಞಾನಿ ಈ ಗುಂಪನ್ನ ಕೂರಿಸಿ, ಬೆಣಚು ಎಷ್ಟು, ಯಾವ ಫೆಲ್ಡ್‌ಸ್ಪಾರ್ ಎಷ್ಟು ಅಂತ ಲೆಕ್ಕ ಹಾಕಿ ಒಬ್ಬೊಬ್ಬರಿಗೆ ಒಂದೊಂದು ಮನೆ ಕೊಟ್ಟ. ಮ್ಯಾಂಗರೈಟ್ ಗೀಂಗರೈಟ್ ನಿನ್ನ ಕೈಪಿಡಿಗೆ ಬೇಡ. ಓದುಗರು ಓಡಿಹೋಗ್ತಾರೆ.

— ನಾನೇ ಓಡ್ತಿದ್ದೀನಿ. ಈಗ ಕೇಳಿ, ಸಾಲು ಹೀಗಿದೆ: "ಕಬ್ಬಾಳದುರ್ಗದ ಬಂಡೆ ಬೂದು ಪಟ್ಟೆಯ ನೈಸ್. ಕೋರೆಯ ಹೊಸ ಮೈಯಲ್ಲಿ ಕಾಣುವ ಕಪ್ಪು ಹಸಿರು ಮಚ್ಚೆಗಳು ಚಾರ್ನೊಕೈಟ್, ಅಂದರೆ ಆರ್ತೊಪೈರಾಕ್ಸಿನ್ ಖನಿಜವಿರುವ ಗ್ರಾನೈಟಿನಂಥ ಶಿಲೆ. ಸುಮಾರು 250 ಕೋಟಿ ವರ್ಷದ ಹಿಂದೆ ನೆಲದಾಳದಲ್ಲಿ ನೀರಿನಂಶ ಕಳೆದುಕೊಂಡ ನೈಸ್ ಇದ್ದಲ್ಲೇ ಹೀಗೆ ಬದಲಾಗಿದೆ."

— ಇದು ನಿಲ್ಲುತ್ತೆ. ಸುತ್ತಿಗೆ ತಗೊಂಡು ಮಚ್ಚೆ ಕೆತ್ತಬೇಡಿ ಅಂತಲೂ ಒಂದು ಮಾತು ಹಾಕು. ನಮ್ಮವರು ಒಳ್ಳೆಯ ಮಚ್ಚೆಗಳನ್ನೇ ನೋಡಿ ಕೆತ್ತಿಕೊಂಡು ಹೋಗ್ತಾರೆ, ನಮ್ಮ ವೃತ್ತಿಯವರು ಅದರಲ್ಲಿ ಮುಂದೆ.

— ಕಪ್ಪು ಗ್ರಾನೈಟ್ ಅಂತಲೂ ಒಂದು ಕಡೆ ಸೇರಿಸ್ಲಾ? ಜನಕ್ಕೆ ಗೊತ್ತಿರೋ ಮಾತು ಅದು.

— ಬೇಡವೇ ಬೇಡ. ಅಂಗಡಿಯವರ ಕಪ್ಪು ಗ್ರಾನೈಟ್ ಬೇರೆ. ಚಾಮರಾಜನಗರದ ಕಡೆಯಿಂದ ಬರೋ ಹೆಸರಾಂತ ಕಪ್ಪು ಕಲ್ಲು ಗ್ರಾನೈಟೇ ಅಲ್ಲ, ಡಾಲರೈಟ್. ಬಿರುಕಿನೊಳಗೆ ನುಗ್ಗಿ ಗಟ್ಟಿಯಾದ ಶಿಲಾಪಾಕ. ಅದರಲ್ಲಿ ಬೆಣಚು ಇಲ್ಲದಷ್ಟು ಕಮ್ಮಿ. ಅಂಗಡಿಯವರಿಗೆ ಪಾಲಿಷ್ ಕೂರೋ ಗಟ್ಟಿ ಕಲ್ಲೆಲ್ಲ ಗ್ರಾನೈಟು. ನಮ್ಮ ಚಾರ್ನೊಕೈಟ್ ಹೆಚ್ಚಾಗಿ ಹೋಗೋದು ಜಲ್ಲಿಗೆ, ಸೈಜುಗಲ್ಲಿಗೆ. ಗಟ್ಟಿ ಬಹಳ, ಕ್ರಷರ್‌ನವರ ದವಡೆಗಳು ಬೇಗ ಸವೀತವೆ ಅಂತ ಗೊಣಗ್ತಾರೆ.

— ಪಾಲಿಷ್ ಮಾಡಿ ಮಾರೋರೇ ಇಲ್ವಾ?

— ಇದ್ದಾರೆ. ಬ್ರೆಜಿಲಿನಿಂದ ವೆರ್ದೆ ಉಬಾಟುಬಾ ಅಂತ ಒಂದು ಕಪ್ಪು ಹಸಿರು ಕಲ್ಲು ಜಗತ್ತಿಗೆಲ್ಲ ಹೋಗುತ್ತೆ. ಹಸಿರು ಗ್ರಾನೈಟ್ ಅಂತ ಮಾರ್ತಾರೆ, ಅದು ಚಾರ್ನೊಕೈಟ್. ಅಮೆರಿಕದ ಅಡುಗೆಮನೆಗಳಲ್ಲಿ ಬಹಳ ಹಾಕಿದ್ದಾರೆ. ನಿಮ್ಮಣ್ಣ ಡಲ್ಲಾಸಿನ ಮನೆ ತಗೊಂಡಾಗ ಅಡುಗೆಕಟ್ಟೆ ಫೋಟೊ ಕಳಿಸಿದ್ನಲ್ಲ, ಅದು ಕಪ್ಪಾ, ಹಸಿರಾ?

— ಹಸಿರು ಥರವೇ ಇತ್ತು. ಮಧ್ಯೆ ಬಂಗಾರದ ಬಣ್ಣದ ಮಿಂಚು.

— ಆ ಮಿಂಚು ಫೆಲ್ಡ್‌ಸ್ಪಾರ್ ಇರಬೇಕು. ಟಾರ್ಚನ್ನ ಓರೆಯಾಗಿ ಹಿಡಿದು ಹತ್ತಿರದಿಂದ ಒಂದು ಫೋಟೊ ತೆಗೆದು ಕಳಿಸೋಕೆ ಹೇಳು. ಪಕ್ಕದಲ್ಲಿ ಒಂದು ನಾಣ್ಯ ಇಟ್ಟಿರಲಿ, ಹರಳಿನ ಅಳತೆ ಗೊತ್ತಾಗಬೇಕು.

— ಅಲ್ಲೀಗ ಮಧ್ಯರಾತ್ರಿ ಮಾವ.

— ಮೆಸೇಜ್ ಹಾಕಿಡು, ಎದ್ದಮೇಲೆ ನೋಡ್ತಾನೆ.